ನೆಪ ಓದುವುದು ಹೇಗೆ? ಸಾಲಿಗೆ ಹೋಗುವ ಮಕ್ಕಳ ಮನೆಗೆ ಒಂದು ಕಲಬುರಗಿ ಕೈಪಿಡಿ

ಆರರಿಂದ ಹನ್ನೆರಡರ ವಯಸ್ಸು ಬಹಳ ಮಜಾ. ಬಜಾರದ ನಡುವೆ ನೆಲಕ್ಕೆ ಬಿದ್ದು ಹೊರಳಾಡುವ ಕಾಲ ಮುಗಿದಿರುತ್ತದೆ. ಬಾಗಿಲು ಹಾಕಿಕೊಂಡು ಮಾತು ಬಿಡುವ ಕಾಲ ಇನ್ನೂ ಬಂದಿರುವುದಿಲ್ಲ. ನಡುವಿನ ಈ ಆರು ವರ್ಷ ಪೂರ್ತಿ ವಾದ. ಸ್ವಿಸ್ ಮನೋವಿಜ್ಞಾನಿ ಪಿಯಾಜೆ ಹೇಳುವ ಪ್ರಕಾರ, ಏಳರ ಆಸುಪಾಸಿನಲ್ಲಿ ಮಕ್ಕಳು ಕಣ್ಣೆದುರಿನ ಸಂಗತಿಗಳನ್ನು ತರ್ಕ ಹಚ್ಚಿ ನೋಡಲು ಶುರು ಮಾಡುತ್ತಾರೆ. ಆ ತರ್ಕವನ್ನು ಮೊದಲು ಯಾರ ಮೇಲೆ ಪ್ರಯೋಗ ಮಾಡುತ್ತಾರೆ ಅನ್ನುವುದು ಅಪ್ಪ-ಅಮ್ಮಂದಿರಿಗೆ ಗೊತ್ತೇ ಇದೆ.

ಈ ಕೈಪಿಡಿ ಹೇಳುವುದು ಇಷ್ಟೇ. ಮಗು ಹೇಳುವ ನೆಪವನ್ನು ಸುಳ್ಳು ಅಂತ ಓದಬೇಡಿ, ಅರ್ಜಿ ಅಂತ ಓದಿ. ಮಿನಿ ವಿಧಾನಸೌಧದ ಗುಮಾಸ್ತರ ಹಾಗೆ ಕನ್ನಡಕ ಸರಿ ಮಾಡಿಕೊಂಡು, ಮೊದಲು 'ವಿಷಯ' ಏನು ಅಂತ ನೋಡಿ. ಮಂಜೂರು ಮಾಡುವುದೋ, ವಾಪಸ್ ಕಳಿಸುವುದೋ ಆಮೇಲಿನ ಮಾತು. ನಗುವುದಂತೂ ಕೊನೆಗೇ.

ಹಂತ 1: ಹೊಟ್ಟೆನೋವಿನ ಅರ್ಜಿಯನ್ನು ಪರಿಶೀಲಿಸಿ

ಎಲ್ಲಕ್ಕಿಂತ ಜಾಸ್ತಿ ಬರುವ ಅರ್ಜಿ ಇದು. ಸೋಮವಾರ ಬೆಳಿಗ್ಗೆ ಚಾದರದ ಒಳಗಿಂದ ದನಿ ಬರುತ್ತದೆ: "ಮಮ್ಮೀ, ಹೊಟ್ಟಿ ಭಾಳ ಬ್ಯಾನಿ ಆಗ್ಲತ್ತದ." ತಕ್ಷಣ "ನಾಟಕ ಮಾಡಬ್ಯಾಡ, ಏಳು" ಅನ್ನಬೇಡಿ. ಹಾಗಂದರೆ ನಾಟಕದ ಎರಡನೇ ಅಂಕ ಶುರುವಾಗುತ್ತದೆ, ಅದರಲ್ಲಿ ತಲೆನೋವೂ ಇರುತ್ತದೆ.

ಮೊದಲು "ಎಲ್ಲಿ ನೋವು? ಒಂದೇ ಬೆರಳಿಂದ ತೋರಿಸು" ಅನ್ನಿ. ಮಗು ಇಡೀ ಅಂಗೈಯನ್ನು ಹೊಕ್ಕಳ ಸುತ್ತ ಆಡಿಸಿದರೆ ಸಾಮಾನ್ಯವಾಗಿ ಗಾಬರಿ ಬೇಡ. ನೋವು ಹೊಕ್ಕಳಿಂದ ದೂರ ಹೋದಷ್ಟೂ, ಅದರಲ್ಲೂ ಬಲಗಡೆ ಕೆಳಭಾಗಕ್ಕೆ ಹೋದರೆ, ಡಾಕ್ಟರ ಹತ್ತಿರ ಹೋಗುವುದೇ ಸರಿ. ಜ್ವರ, ಪದೇ ಪದೇ ವಾಂತಿ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಇವುಗಳಲ್ಲಿ ಯಾವುದಿದ್ದರೂ ಹೀಗೇ. ಇಲ್ಲಿ ತಮಾಷೆ ಬಂದ್.

ಇವೇನೂ ಇಲ್ಲ ಅಂದರೆ ಟೈಂಟೇಬಲ್ ತೆಗೆಯಿರಿ. ಮೊದಲ ಪಿರಿಯಡ್ ಯಾವುದು? ಮಗ್ಗಿ ಒಪ್ಪಿಸುವುದು ಇದೆಯಾ? ನಮ್ಮ ಓಣಿಯ ಸರ್ಕಾರಿ ಸಾಲಿಯ ಹುಡುಗರನ್ನು ನೋಡಿ, ಬಿಸಿಯೂಟದ ಜೊತೆ ಮೊಟ್ಟೆ, ಬಾಳೆಹಣ್ಣು ಕೊಡುವ ದಿನ ಯಾರಿಗೂ ಹೊಟ್ಟೆನೋವು ಬರುವುದಿಲ್ಲ. ಈ ಮೊಟ್ಟೆ ಯೋಜನೆ 2021ರ ಡಿಸೆಂಬರಿನಲ್ಲಿ ಶುರುವಾಗಿದ್ದೇ ಬೀದರ, ಕಲಬುರಗಿ, ಯಾದಗಿರಿಯಂಥ ನಮ್ಮ ಕಡೆಯ ಕೆಲವು ಜಿಲ್ಲೆಗಳಲ್ಲಿ. ಹೊಟ್ಟೆನೋವಿಗೆ ಸರ್ಕಾರ ಕೊಟ್ಟ ಔಷಧಿ ಅನ್ನಬಹುದು.

ವಿಷಯ ಗೊತ್ತಾದ ಮೇಲೆ ಅದಕ್ಕಷ್ಟೇ ಉತ್ತರ ಕೊಡಿ. "ಏಳರ ಮಗ್ಗಿ ಬರಲ್ಲಂತ ಅಂಜಿಕಿ ಆಗ್ಲತ್ತದೇನು? ಬಾ, ಚಾ ಆಗೋದ್ರಾಗ ಎರಡ್ ಸಲ ಅನ್ನೂಣು." ಹತ್ತರಲ್ಲಿ ಎಂಟು ಹೊಟ್ಟೆಗಳು ಇಲ್ಲಿಗೇ ವಾಸಿಯಾಗುತ್ತವೆ. ಅದೇ ನೋವು ವಾರಗಟ್ಟಲೆ, ಅದೇ ಹೊತ್ತಿಗೆ ಬರುತ್ತಿದ್ದರೆ ಅರ್ಜಿಯ ವಿಷಯ ಮಗ್ಗಿ ಅಲ್ಲ. ಯಾರೋ ಕಾಡುತ್ತಿರಬಹುದು, ಬೆಂಚಿನ ಗೆಳೆಯ ಮಾತು ಬಿಟ್ಟಿರಬಹುದು. ಆಗ ಟೀಚರ್ ಜೊತೆ ಮಾತಾಡಿ, ಮಗುವಿಗೆ ಹೇಳಿಯೇ ಮಾತಾಡಿ.

ಹಂತ 2: ಸಂಜೆ ಆರಕ್ಕೇ "ನಾಳೆ ಏನು ಒಯ್ಯಬೇಕು?" ಅಂತ ಕೇಳಿ

ರಾತ್ರಿ ಹತ್ತಕ್ಕೆ ಲೈಟ್ ಆರಿಸಿದ ಮೇಲೆ ಮಗುವಿಗೆ ನೆನಪಿನ ಶಕ್ತಿ ಬರುತ್ತದೆ. "ಅಪ್ಪಾ, ನಾಳಿಗಿ ಚಾರ್ಟ್ ಒಯ್ಬೇಕಂತ. ಕರ್ನಾಟಕದ ನಕಾಶಿ ತಗದು, ಯಾವ ಜಿಲ್ಲೆದಾಗ ಏನ್ ಬೆಳಿತಾರ ಅದೇ ಹಚ್ಬೇಕಂತ."

ಹೇಳಿದ್ದು ಯಾವಾಗ? ಹೋದ ವಾರ. ಯಾಕೆ ಹೇಳಲಿಲ್ಲ? ನೀವು ಕೇಳಲಿಲ್ಲ. ಈ ಉತ್ತರಕ್ಕೆ ಪ್ರತ್ಯುತ್ತರ ಇಲ್ಲ, ಹುಡುಕಬೇಡಿ.

ಆ ಹೊತ್ತಿಗೆ ಸೂಪರ್ ಮಾರ್ಕೆಟ್ಟಿನ ಸ್ಟೇಷನರಿ ಅಂಗಡಿಗಳ ಶಟರ್ ಬಿದ್ದಿರುತ್ತದೆ. ಹಾಗಾಗಿ ಮನೆಯಲ್ಲಿ ಒಂದು ಆಪತ್ತಿನ ಡಬ್ಬಿ ಇರಲಿ. ಎರಡು ಬಿಳಿ ಚಾರ್ಟ್, ಫೆವಿಕಾಲ್, ಬಣ್ಣದ ಹಾಳೆ, ಸ್ಕೆಚ್ ಪೆನ್, ಒಂದು ಥರ್ಮಾಕೋಲ್ ಶೀಟು, ಮಗುವಿನ ಪಾಸ್‌ಪೋರ್ಟ್ ಫೋಟೋ ಆರೇಳು, ಆಧಾರ್ ಜೆರಾಕ್ಸ್ ಎರಡು. ಫೋಟೋ ಯಾಕೆ ಪದೇ ಪದೇ ಕೇಳುತ್ತಾರೆ, ಅವೆಲ್ಲ ಎಲ್ಲಿ ಹೋಗುತ್ತವೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಸುಮ್ನೆ ಕೊಟ್ಟುಬಿಡಿ.

ನಕಾಶೆಗೆ ಕಲಬುರಗಿ ಜಾಗದಲ್ಲಿ ತೊಗರಿ ಹಚ್ಚಬೇಕು, ಅದು ಸರಿ. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಬೇಳೆ ನಮ್ಮದು, ಬಿಡುವ ಹಾಗಿಲ್ಲ. ಆದರೆ ಮಗು ಒಂದು ಮುಷ್ಟಿ ಬೇಳೆ ಸುರಿದು ಅರ್ಧ ಮಹಾರಾಷ್ಟ್ರವನ್ನೂ ಮುಚ್ಚಿಬಿಡುತ್ತದೆ. ಎಂಟು-ಹತ್ತು ಬೇಳೆ ಎಣಿಸಿ ಕೊಡಿ. ಬೇಳೆಯ ಚಪ್ಪಟೆ ಮಗ್ಗಲು ಕೆಳಗೆ ಬರಲಿ, ಇಲ್ಲಾಂದ್ರೆ ಅಂಟುವುದಿಲ್ಲ. ರಾತ್ರಿ ಚಾರ್ಟನ್ನು ಮಡಚದೆ, ಸುತ್ತದೆ, ಎತ್ತರದ ಜಾಗದಲ್ಲಿ ಒಣಗಲು ಬಿಡಿ. ನೆಲದ ಮೇಲಿಟ್ಟರೆ ಬೆಳಗಾಗುವಷ್ಟರಲ್ಲಿ ಇರುವೆಗಳು ತಪಾಸಣೆಗೆ ಬಂದಿರುತ್ತವೆ.

ನಿದ್ದೆಯ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ನಿದ್ರಾ ತಜ್ಞರ ಸಲಹೆ. ಆರೂವರೆಗೆ ಏಳಬೇಕಾದ ಮಗು ಒಂಬತ್ತೂವರೆಗೆ ನಿದ್ದೆ ಹೋಗಿರಬೇಕು. ಒಂಬತ್ತೂವರೆಗೆ "ನೀರು ಬೇಕು" ಅಂತ ಮೊದಲ ಅರ್ಜಿ ಹಾಕಿದರೆ ಲೆಕ್ಕ ತಪ್ಪುತ್ತದೆ. ನೀರಾದ ಮೇಲೆ ಉಚ್ಚೆ, ಉಚ್ಚೆಯಾದ ಮೇಲೆ "ಸತ್ತವ್ರು ಎಲ್ಲಿ ಹೋಗ್ತಾರ?" ಅನ್ನುವ ತತ್ವಜ್ಞಾನ ಇರುತ್ತದೆ.

ಹಂತ 3: ಬೆಳಿಗ್ಗೆ ಭಾಷಣ ಬೇಡ

"ದಿನಾ ಹೇಳಬೇಕು ನಿನಗ, ಆ ಕಡೆ ಮನಿ ಹುಡುಗ ನೋಡು" ಅಂತ ಶುರು ಮಾಡಿದರೆ ಎರಡನೇ ವಾಕ್ಯಕ್ಕೇ ಕಿವಿ ಮುಚ್ಚಿರುತ್ತದೆ. ಒಂದೇ ಶಬ್ದ ಸಾಕು. "ಸಾಕ್ಸ್." ಐದು ನಿಮಿಷದ ನಂತರ, "ಡಬ್ಬಿ." ಮಗು ಸಿಟ್ಟಾಗಲು ಅದರಲ್ಲಿ ಏನೂ ಸಿಗುವುದಿಲ್ಲ.

ಸಾಧ್ಯವಾದರೆ ಎರಡರಲ್ಲಿ ಒಂದನ್ನು ಆರಿಸಲು ಬಿಡಿ. "ಮೊದಲು ಹಲ್ಲು ತಿಕ್ತೀಯೋ, ಮೊದಲು ಜಳಕಾ ಮಾಡ್ತೀಯೋ?" ಎರಡೂ ನಿಮ್ಮ ಕೆಲಸವೇ, ಆದರೆ ತೀರ್ಮಾನ ಅವರದು. ಎಂಟು ದಾಟಿದ ಮೇಲೆ ಈ ಉಪಾಯ ಅಷ್ಟು ನಡೆಯುವುದಿಲ್ಲ. "ಎರಡೂ ಬ್ಯಾಡ" ಅನ್ನುವ ಮೂರನೇ ದಾರಿಯನ್ನು ಅವರೇ ಕಂಡುಹಿಡಿಯುತ್ತಾರೆ.

ತಡವಾಗುವ ಬಗ್ಗೆ ಮಾತ್ರ ಎಚ್ಚರದಿಂದ ಮಾತಾಡಿ. ಅದರಲ್ಲೂ ಸೆಪ್ಟೆಂಬರಿನಲ್ಲಿ. ಸೆಪ್ಟೆಂಬರ್ 17ಕ್ಕೆ ನಮ್ಮ ಕಡೆ ಕಲ್ಯಾಣ ಕರ್ನಾಟಕ ಉತ್ಸವ, ಸಾಲಿಯಲ್ಲಿ ಧ್ವಜಾರೋಹಣ, ಭಾಷಣ. ದೇಶಕ್ಕೆ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂತು, ನಿಜಾಮನ ಕೈಯಲ್ಲಿದ್ದ ನಮಗೆ ಬಿಡುಗಡೆ ಸಿಕ್ಕಿದ್ದು 1948ರ ಸೆಪ್ಟೆಂಬರ್ 17ಕ್ಕೆ ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸಿರುತ್ತೇವೆ. ಐದನೇ ತರಗತಿಯ ಹುಡುಗ ಬೂಟು ಹುಡುಕುತ್ತಾ ಅದನ್ನೇ ನಿಮಗೆ ತಿರುಗಿಸುತ್ತಾನೆ: "ಕಲಬುರಗಿಗಿ ಸ್ವಾತಂತ್ರ್ಯನೇ 13 ತಿಂಗಳು ತಡಾ ಬಂದದ. ನಾ ಹತ್ತ್ ನಿಮಿಷ ತಡಾ ಹೋದ್ರ ಏನಾಗ್ತದಪ್ಪಾ?"

ಇಂಥ ವಾದಕ್ಕೆ ಮನಸಾರೆ ನಕ್ಕುಬಿಡಿ, ಅರ್ಹತೆ ಇದೆ. ಅರ್ಜಿ ಮಾತ್ರ ಮಂಜೂರಿಲ್ಲ. "ಅದಕ್ಕs ಈಗ ಜಲ್ದಿ ಹೋಗಬೇಕು" ಅಂತ ಬೂಟು ಕೈಗೆ ಕೊಡಿ. ಇನ್ನೊಂದು ಮಾತು: ಸೆಪ್ಟೆಂಬರ್ 17ರ ಕಾರಣಕ್ಕೇ ನಮ್ಮ ಮಕ್ಕಳಿಗೆ ಬಿಳಿ ಡ್ರೆಸ್ ಒಂದು ಸಲ ಜಾಸ್ತಿ ಬೇಕಾಗುತ್ತದೆ. ಆಗಸ್ಟ್ ಮುಗಿದ ತಕ್ಷಣ ಒಗೆದು ಇಟ್ಟುಕೊಳ್ಳಿ, ಬಿಳಿ ಕ್ಯಾನ್ವಾಸ್ ಬೂಟು ಒಣಗಲು ಮಳೆಗಾಲದಲ್ಲಿ ಎರಡು ದಿನ ಬೇಕು.

ಹಂತ 4: ಡಬ್ಬಿಯನ್ನು ಬರುವಾಗ ನೋಡಿ

ಹೋಗುವಾಗ ಡಬ್ಬಿಯಲ್ಲಿ ಏನಿತ್ತು ಅನ್ನುವುದು ನಿಮಗೆ ಗೊತ್ತು. ಬರುವಾಗ ಏನಿದೆ ಅನ್ನುವುದರಲ್ಲಿ ಸುದ್ದಿ ಇದೆ. ಜೋಳದ ರೊಟ್ಟಿ ಕಳಿಸಿದರೆ ಮಧ್ಯಾಹ್ನಕ್ಕೆ ಸೆಟೆದು ನಿಂತಿರುತ್ತದೆ, ಮಗು ಅದನ್ನು ಹಾಗೇ ವಾಪಸ್ ತರುತ್ತದೆ. ಇದಕ್ಕೆ ಉಪಾಯ ಇದೆ. ಕುದಿಯುವ ನೀರು ಹಾಕಿ ಹಿಟ್ಟು ನಾದಿ, ತೆಳ್ಳಗೆ ಬಡಿಯಿರಿ. ಹಂಚಿನಿಂದ ತೆಗೆದ ಕೂಡಲೇ ತುಪ್ಪ ಸವರಿ, ಶೇಂಗಾ ಹಿಂಡಿ ಉದುರಿಸಿ, ಬಿಸಿ ಇರುವಾಗಲೇ ಸುರುಳಿ ಸುತ್ತಿ ತೆಳು ಬಟ್ಟೆಯಲ್ಲಿಡಿ. ಆರಿದ ಮೇಲೆ ಸುತ್ತಲು ಹೋದರೆ ಮುರಿಯುತ್ತದೆ. ನೀರು ಬಿಡುವ ಪಲ್ಯ ಬೇಡವೇ ಬೇಡ. ಮಗುವಿಗಿಂತ ಮೊದಲು ಪುಸ್ತಕ ಅದನ್ನು ತಿನ್ನುತ್ತದೆ.

ಡಬ್ಬಿ ಖಾಲಿ ಬಂತು ಅಂತ ಹಿಗ್ಗಬೇಡಿ. ಊಟದ ಹೊತ್ತಿಗೆ ಅಲ್ಲಿ ದೊಡ್ಡ ವ್ಯಾಪಾರ ನಡೆಯುತ್ತದೆ. ಶೇಂಗಾ ಹಿಂಡಿಗೆ ಒಳ್ಳೆ ರೇಟು ಇದೆ. ಒಂದು ಸುರುಳಿಗೆ ಅರ್ಧ ಡಬ್ಬಿ ಮ್ಯಾಗಿ ಸಿಗುತ್ತದೆ. ನೀವು ನಸುಕಿನಲ್ಲಿ ಎದ್ದು ಬಡಿದ ರೊಟ್ಟಿ ಯಾರದೋ ಮಗನ ಹೊಟ್ಟೆ ಸೇರಿ, ಅವರಮ್ಮ ಎರಡು ನಿಮಿಷದಲ್ಲಿ ಮಾಡಿದ್ದು ನಿಮ್ಮ ಮಗನ ಹೊಟ್ಟೆ ಸೇರಿರುತ್ತದೆ. "ಊಟ ಮಾಡಿದೇನು?" ಅಂದರೆ "ಹೂಂ" ಅಷ್ಟೇ ಸಿಗುತ್ತದೆ. "ಇವತ್ತ ಯಾರ ಡಬ್ಬ್ಯಾಗ ಏನಿತ್ತು?" ಅಂತ ಕೇಳಿ ನೋಡಿ. ಇಡೀ ಕ್ಲಾಸಿನ ಸಮಾಚಾರ ಬರುತ್ತದೆ, ಯಾರು ಯಾರ ಜೊತೆ ಕೂಡುವುದಿಲ್ಲ ಅನ್ನುವುದೂ ಸೇರಿ. ಸಾಲಿಯ ಬಗ್ಗೆ ಮಗುವಿನಿಂದ ಮಾತು ಹೊರಡಿಸಲು ಇದಕ್ಕಿಂತ ಒಳ್ಳೆ ಪ್ರಶ್ನೆ ನನಗಂತೂ ಸಿಕ್ಕಿಲ್ಲ.

ಹಂತ 5: ತಿಂಗಳಿಗೊಮ್ಮೆ ಚೀಲದ ಉತ್ಖನನ

2019ರಲ್ಲಿ ನಮ್ಮ ಸರ್ಕಾರ ಪಾಟಿಚೀಲದ ತೂಕ ಗೊತ್ತು ಮಾಡಿತು. 1-2ನೇ ತರಗತಿಗೆ 2 ಕೆಜಿವರೆಗೆ, 3ರಿಂದ 5ಕ್ಕೆ 3 ಕೆಜಿವರೆಗೆ, 6ರಿಂದ 8ಕ್ಕೆ 4 ಕೆಜಿವರೆಗೆ. ತಿಂಗಳ ಮೂರನೇ ಶನಿವಾರ ಚೀಲವೇ ಇಲ್ಲದ ದಿನ. ಆ ದಿನವೇ ಚೀಲ ಬೋರಲು ಹಾಕಿ. ಮಗು ಎದುರಿಗಿರಲಿ, ಇಲ್ಲದಿದ್ದರೆ ಕಳ್ಳತನದ ಆರೋಪ ಬರುತ್ತದೆ.

ಸಿಗುವ ಸಾಮಾನು ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಒಂದೇ. ತುದಿ ಇಲ್ಲದ ಪೆನ್ಸಿಲ್ಲುಗಳು, ಹೋದ ತಿಂಗಳ ಪೇರೆಂಟ್ಸ್ ಮೀಟಿಂಗಿನ ಚೀಟಿ, ಇನ್ಯಾರದೋ ಕಂಪಾಸ್, ಜಿಗಿ ಹಿಡಿದ ಬೆಲ್ಲದ ಚಿಕ್ಕಿ, ಮತ್ತೆ ಕಲ್ಲು. ಶಹಾಬಾದ ಕಲ್ಲಿನ ಚೂರು, ಬಿಳಿ ಕಲ್ಲು, "ಮಿಂಚೋ ಕಲ್ಲು". ತೂಕದ ದೊಡ್ಡ ಪಾಲು ಸಿಲಬಸ್ಸಿನದಲ್ಲ ಅಂತ ಆಗ ಗೊತ್ತಾಗುತ್ತದೆ. ಎಲ್ಲ ಎಸೆಯಬೇಡಿ. ಅಂಗಳದಲ್ಲಿ ಒಂದು ಹಳೇ ಡಬ್ಬಿ ಕೊಟ್ಟು "ಕಲ್ಲು ಇಲ್ಲಿ, ಪುಸ್ತಕ ಅಲ್ಲಿ" ಅನ್ನಿ.

ಹಂತ 6: ಹೋಂವರ್ಕಿಗೆ ದಡ್ಡ ವಿದ್ಯಾರ್ಥಿಯಾಗಿ

ಜಗಳ ಹುಟ್ಟುವ ಜಾಗ ಇದು. ನೀವು ಕಲಿತ ಹಾಗೆ ಭಾಗಾಕಾರ ಹೇಳಿಕೊಡುತ್ತೀರಿ. "ನಮ್ ಮಿಸ್ ಹೀಂಗ ಹೇಳಿಲ್ಲ." ಉತ್ತರ ಒಂದೇ ಬರುತ್ತದಲ್ಲ ಅನ್ನುತ್ತೀರಿ. "ಉತ್ತರ ಬಂದ್ರೂ ಮಿಸ್ ತಪ್ಪ್ ಹಾಕ್ತಾರ." ಮಿಸ್ ಮುಂದೆ ಎಂಜಿನಿಯರ್ ಅಪ್ಪನೂ ನಡೆಯುವುದಿಲ್ಲ, ಬ್ಯಾಂಕಿನ ಅಮ್ಮನೂ ನಡೆಯುವುದಿಲ್ಲ. ಇಲ್ಲಿ ಗೆಲ್ಲಲು ಹೋಗುವವರು ರಾತ್ರಿ ಊಟ ತಣ್ಣಗೆ ತಿನ್ನುತ್ತಾರೆ.

ಜಾಗ ಬದಲಿಸಿ. ಮಗು ಮೇಲೆ ಕುರ್ಚಿಯಲ್ಲಿ, ನೀವು ಕೆಳಗೆ ಚಾಪೆಯಲ್ಲಿ. "ನಿಮ್ ಮಿಸ್ ಹ್ಯಾಂಗ ಹೇಳ್ಯಾರ, ನಂಗ ಹಂಗs ಹೇಳಿಕೊಡು." ಮಗು ಮಿಸ್ಸಿನ ದನಿ ತೆಗೆಯುತ್ತದೆ, ಸ್ಕೇಲು ಹಿಡಿಯುತ್ತದೆ, "ಯಾರದು ಹಿಂದ ಮಾತಾಡೋದು?" ಅಂತ ಖಾಲಿ ಗೋಡೆಗೆ ಬೈಯುತ್ತದೆ. ಆ ಹತ್ತು ನಿಮಿಷದಲ್ಲಿ ಲೆಕ್ಕವೂ ಬರುತ್ತದೆ, ಕ್ಲಾಸು ಹೇಗೆ ನಡೆಯುತ್ತದೆ ಅನ್ನುವುದೂ ತಿಳಿಯುತ್ತದೆ. ಇನ್ನೊಬ್ಬರಿಗೆ ಹೇಳಿಕೊಡುವಾಗ ತನಗೆ ಎಲ್ಲಿ ಗೊತ್ತಿಲ್ಲ ಅನ್ನುವುದು ಮಗುವಿಗೇ ಕಾಣುತ್ತದೆ. ಬೈಸಿಕೊಂಡು ಕಲಿಯುವುದಕ್ಕಿಂತ ಇದು ಗಟ್ಟಿ.

ನಡುವೆ ಒಂದು ತಪ್ಪು ಉತ್ತರ ಕೊಡಿ. ಒಂದೇ, ಅದೂ ನಂಬುವಂಥದ್ದು. ಐದನ್ನು ಐದರಿಂದ ಗುಣಿಸಿದರೆ ಹತ್ತು ಅಂದರೆ ಮಗು ನಿಮ್ಮ ಕಡೆ ಮರುಕದಿಂದ ನೋಡುತ್ತದೆ. ದಶಕ ಕೂಡಿಸುವುದನ್ನು ಮರೆತ ಹಾಗೆ ಮಾಡಿದರೆ ಹಿಗ್ಗಿ ತಿದ್ದುತ್ತದೆ. ಮನೆಯಲ್ಲಿ ಆಯಿ (ಅಜ್ಜಿ) ಇದ್ದರೆ ಅವರೇ ಅತ್ಯುತ್ತಮ ವಿದ್ಯಾರ್ಥಿ. "ಯವ್ವಾ, ಇದ್ಯಾಕ ಹೀಂಗ ಬಂತು?" ಅಂತ ಅವರು ನಿಜವಾಗಿಯೂ ಕೇಳುತ್ತಾರೆ, ನಟನೆ ಬೇಕಿಲ್ಲ.

ಪ್ರಾಜೆಕ್ಟ್ ಬಂದಾಗ ಕಟ್ಟಡವನ್ನು ನೋಡಿ ಒಪ್ಪಿಕೊಳ್ಳಿ. ಕೋಟೆಯೊಳಗಿನ ಜಾಮಿ ಮಸೀದಿ ಮಾಡುತ್ತೇನೆ ಅಂತ ಮಗು ಹಟ ಹಿಡಿದರೆ ಮೊದಲು ಕರೆದುಕೊಂಡು ಹೋಗಿ ತೋರಿಸಿ. 1367ರ ಆ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಪೂರ್ತಿ ಛಾವಣಿ, ಛಾವಣಿ ತುಂಬ ಗುಮ್ಮಟ. ಅಷ್ಟು ಗುಮ್ಮಟಕ್ಕೆ ಪ್ಲಾಸ್ಟಿಕ್ ಚೆಂಡು ಕತ್ತರಿಸುತ್ತಾ ಕೂತರೆ ನಿಮ್ಮ ರವಿವಾರ ಮುಗಿಯಿತು. ಪಕ್ಕದಲ್ಲೇ ಬಾಲಾ ಹಿಸಾರ್ ಇದೆ. ದಪ್ಪ ಗೋಡೆ, ಸಾದಾ ಆಕಾರ, ಒಂದು ಬೂಟಿನ ಡಬ್ಬಿ ಸಾಕು. "ಇದು ರಾಜರ ಲಾಸ್ಟ್ ಲೆವೆಲ್, ವೈರಿ ಇಲ್ಲಿ ತನಕ ಬಂದ್ರ ಗೇಮ್ ಓವರ್" ಅನ್ನಿ, ಒಪ್ಪುತ್ತದೆ.

ಹಂತ 7: ಒಗಟಿನ ವರ್ಷಗಳನ್ನು ತಾಳಿಕೊಳ್ಳಿ

ಆರೇಳಕ್ಕೆ ಒಗಟಿನ ಹುಚ್ಚು ಹತ್ತುತ್ತದೆ. ಒಂದು ಮಾತಿಗೆ ಎರಡು ಅರ್ಥ ಇರಬಹುದು ಅಂತ ಹೊಸದಾಗಿ ಗೊತ್ತಾಗಿರುತ್ತದೆ. "ಸುತ್ತಮುತ್ತ ಸುಣ್ಣದ ಗ್ವಾಡಿ, ಎಲ್ಲಿ ನೋಡಿದ್ರೂ ಬಾಗಿಲಿಲ್ಲ, ಏನು?" ಅಂತ ಒಮ್ಮೆ ಹೇಳಿಕೊಟ್ಟರೆ ಹಾಲು ಹಾಕುವವರಿಂದ ಆಟೋ ಕಾಕಾನವರೆಗೆ ಎಲ್ಲರಿಗೂ ಹಾಕಿ ಬರುತ್ತದೆ. "ತತ್ತಿ" ಅಂತ ನೀವು ತಟ್ಟನೆ ಹೇಳಬಾರದು. ನಾಲ್ಕು ಸಲ ತಪ್ಪು ಹೇಳಿ, ಐದನೇ ಸಲ ಸೋಲೊಪ್ಪಿ.

ಹಂತ 8: ಎಲ್ಲಿ ನಗಬಾರದು

ಮನೆಯ ಮಾತೆಲ್ಲ ಸಾಲಿಗೆ ಹೋಗುತ್ತದೆ, ಅದು ಗೊತ್ತಿರಲಿ. 'ನಮ್ಮ ತಂದೆ' ಪ್ರಬಂಧದಲ್ಲಿ "ಅವರು ಆಫೀಸಿನಿಂದ ಬಂದು ಮೊಬೈಲ್ ನೋಡುತ್ತಾ ನನಗೆ ಮೊಬೈಲ್ ನೋಡಬೇಡ ಎನ್ನುತ್ತಾರೆ" ಅಂತ ಬರೆದಿರುತ್ತದೆ. ಪೇರೆಂಟ್ಸ್ ಮೀಟಿಂಗಿನಲ್ಲಿ ಟೀಚರ್ ನಿಮ್ಮನ್ನು ನೋಡಿ ನಕ್ಕರೆ ಕಾರಣ ಇದೇ ಇರಬಹುದು. ನೀವೂ ನಕ್ಕುಬಿಡಿ, ಬೇರೆ ದಾರಿಯಿಲ್ಲ.

ಅದೇ ರೀತಿ ಸಾಲಿಯ ಮಾತನ್ನು ನೀವು ಬಂಧು-ಬಳಗಕ್ಕೆ ಹಂಚುತ್ತೀರಿ. ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮಗು ಜಾಣತನದಿಂದ ಹೇಳಿದ್ದನ್ನು ಹೇಳಿ, ಅದಕ್ಕೂ ಖುಷಿ. ಹಾಸಿಗೆ ಒದ್ದೆಯಾದದ್ದು, ಅತ್ತದ್ದು, ಮಾರ್ಕ್ಸ್ ಕಡಿಮೆ ಬಂದದ್ದು, ಇವನ್ನು ಕಾಕಾ-ಕಾಕುಗಳ ಮುಂದೆ ತಮಾಷೆ ಮಾಡಿದರೆ ಮುಂದಿನ ಸಲ ಅರ್ಜಿ ನಿಮ್ಮ ಟೇಬಲ್ಲಿಗೆ ಬರುವುದೇ ಇಲ್ಲ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ವಿಡಿಯೋ ಹಾಕುವ ಮುಂಚೆ "ಹಾಕ್ಲೇನು?" ಅಂತ ಕೇಳಿ. ಎಂಟು ವರ್ಷದವರಿಗೂ ಮಾನ-ಮರ್ಯಾದೆ ಜಾಸ್ತಿಯೇ ಇರುತ್ತದೆ.

ಹಂತ 9: ಪರೀಕ್ಷೆ, ಜಾತ್ರೆ ಒಟ್ಟಿಗೆ ಬಂದಾಗ

ಹೋಳಿಯಾಗಿ ಐದನೇ ದಿನಕ್ಕೆ ಶರಣಬಸವೇಶ್ವರರ ತೇರು. ವಾರ್ಷಿಕ ಪರೀಕ್ಷೆಯೂ ಅದೇ ಸುತ್ತಿನಲ್ಲಿ ಬರುತ್ತದೆ. "ಪರೀಕ್ಷೆ ಮುಗೀಲಿ" ಅನ್ನುತ್ತೀರಿ. "ಅಪ್ಪನ ಗುಡಿಗಿ ಹೋಗಿ ಕಾಯಿ ಒಡಿಸ್ಲಿಲ್ಲಂದ್ರ ಮಾರ್ಕ್ಸ್ ಹ್ಯಾಂಗ ಬರ್ತಾವ?" ಅನ್ನುವ ಪ್ರಶ್ನೆ ಬರುತ್ತದೆ, ಆಯಿ ಅದಕ್ಕೆ ತಲೆಯಾಡಿಸುತ್ತಾರೆ. ಪೂರ್ತಿ ಬೇಡ ಅನ್ನಬೇಡಿ. ದಿನ, ಹೊತ್ತು, ರೊಕ್ಕ ಮೂರನ್ನೂ ಮೊದಲೇ ಮಾತಾಡಿ ಮುಗಿಸಿ. ಒಂದು ಸಂಜೆ, ಎರಡು ತಾಸು, ಇಷ್ಟು ರೂಪಾಯಿ ಮಗುವಿನ ಕೈಯಲ್ಲೇ. ತನ್ನ ರೊಕ್ಕ ಅಂದಾಗ ಜೋಕಾಲಿಯೋ ಪೀಪಿಯೋ ಅಂತ ಅದು ಮಾಡುವ ಲೆಕ್ಕ ಯಾವ ಪರೀಕ್ಷೆಯಲ್ಲೂ ಮಾಡಿರುವುದಿಲ್ಲ. ಪೀಪಿ ತಂದರೆ ಪರೀಕ್ಷೆ ಮುಗಿಯುವವರೆಗೆ ಅದು ಅಲ್ಮಾರಿಯಲ್ಲಿ ಅನ್ನುವುದನ್ನೂ ಒಪ್ಪಂದಕ್ಕೆ ಸೇರಿಸಿ. ಓಣಿಯವರು ನಿಮ್ಮನ್ನು ಹರಸುತ್ತಾರೆ.

ಹಂತ 10: ಏಪ್ರಿಲ್-ಮೇ ದಾಟುವುದು

40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಬಿಸಿಲಿಗೆ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತವೆ. ಸರ್ಕಾರಿ ನೌಕರಿಯ ಅಪ್ಪಂದಿರು ಎರಡು ಗಂಟೆಗೆ ಮನೆಗೆ ಬಂದು, ಕೂಲರ್ ಮುಂದೆ ಕಣ್ಣು ಮುಚ್ಚುವಷ್ಟರಲ್ಲಿ "ಅಪ್ಪಾ, ಬೋರ್ ಆಗ್ಲತ್ತದ" ಅನ್ನುವ ದನಿ ಕೇಳುತ್ತದೆ.

ಬೋರಿಗೆ ತಕ್ಷಣ ಮದ್ದು ಕೊಡಬೇಡಿ. ಅರ್ಧ ತಾಸು ಬಿಟ್ಟರೆ ಅವರೇ ಏನೋ ಹುಡುಕಿಕೊಳ್ಳುತ್ತಾರೆ. ಹಾಸಿಗೆಗಳಿಂದ ಕೋಟೆ ಕಟ್ಟಬಹುದು, ಅದನ್ನು ಸಹಿಸಿಕೊಳ್ಳಿ. ಚೌಕಾಬಾರ ಹಾಸಿಕೊಟ್ಟರೆ ಒಂದು ಮಧ್ಯಾಹ್ನ ಕಳೆಯುತ್ತದೆ. ಆಯಿ ಆಟದಲ್ಲಿ ಮೋಸ ಮಾಡುತ್ತಾರೆ ಅನ್ನುವ ದೂರು ಬಂದರೆ ನೀವು ನಡುವೆ ಹೋಗಬೇಡಿ. ಆ ದೂರು ನಿಜ ಇರುತ್ತದೆ.

ಒಂದು ದಿನ ನಸುಕಿನಲ್ಲೇ ಬೀದರಕ್ಕೆ ಹೋಗಿ ಬನ್ನಿ. 2017ರಿಂದ ಕಲಬುರಗಿ-ಬೀದರ ರೈಲು ಮಾರ್ಗ ಇದೆ. ಹೊರಡುವ ದಿನದ ಗಾಡಿ ಟೈಮು ನೋಡಿಕೊಂಡು ಹೊರಡಿ. ಅಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ ತೋರಿಸಿ. 1472ರಲ್ಲಿ ಕಟ್ಟಿದ ದೊಡ್ಡ ವಿದ್ಯಾಲಯ ಅದು, 17ನೇ ಶತಮಾನದ ಕೊನೆಗೆ ಒಳಗಿಟ್ಟ ಮದ್ದು ಸಿಡಿದು ಒಂದು ಭಾಗ ಬಿದ್ದುಹೋಯಿತು. ನೀವು ಗೋಡೆಯ ಮೇಲಿನ ಬಣ್ಣದ ಹೆಂಚು, ಗ್ರಂಥಾಲಯ ಅಂತ ಹೇಳುತ್ತಿರುತ್ತೀರಿ. ಮಗುವಿನ ಲಕ್ಷ್ಯ ಪೂರ್ತಿ ಬಿದ್ದ ಭಾಗದ ಮೇಲೆ ಇರುತ್ತದೆ. "ಸಾಲಿ ಅರ್ಧಾ ಸಿಡೀತಾ? ಮರುದಿನ ರಜಾ ಕೊಟ್ರೇನು?"

ಕೊಟ್ಟಿರಬೇಕು ಅನ್ನಿ. ವಾಪಸ್ ಬರುವಾಗ ನೀರಿನ ಬಾಟಲಿ ಎಣಿಸಿಕೊಂಡು ಹತ್ತಿ, ಒಂದು ಅಲ್ಲೇ ಮೆಟ್ಟಿಲ ಮೇಲೆ ಉಳಿದಿರುತ್ತದೆ.